ಇಲಿ ಸುಳ್ಳು ಹೇಳಿರಲಿಲ್ಲ: ಎಂಡೋಸ್ಟಾಟಿನ್ ಪ್ರಕರಣ

1998ರ ಮೇ 3, ಭಾನುವಾರ. ಅಂದಿನ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ ಗೀನಾ ಕೊಲಾಟಾ ಬರೆದ ಒಂದು ವರದಿ ಬಂತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಅವರ ಪ್ರಯೋಗಾಲಯದಲ್ಲಿ ಆಂಜಿಯೋಸ್ಟಾಟಿನ್, ಎಂಡೋಸ್ಟಾಟಿನ್ ಎಂಬ ಎರಡು ಪ್ರೋಟೀನ್‌ಗಳು ಸಿಕ್ಕಿವೆ, ಇವನ್ನು ಚುಚ್ಚಿದರೆ ಇಲಿಗಳ ಕ್ಯಾನ್ಸರ್ ಗೆಡ್ಡೆಗಳು ಕರಗಿಹೋಗುತ್ತಿವೆ ಎಂಬುದು ಸುದ್ದಿ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ ಹೇಳಿದರೆಂದು ಅದರಲ್ಲಿ ಒಂದು ಮಾತಿತ್ತು: ಜೂಡಾ ಇನ್ನೆರಡು ವರ್ಷದಲ್ಲಿ ಕ್ಯಾನ್ಸರ್ ವಾಸಿಮಾಡುತ್ತಾರೆ. ತಾನು ಹಾಗೆ ಹೇಳಲಿಲ್ಲವೆಂದು ವಾಟ್ಸನ್ ಆಮೇಲೆ ಪತ್ರಿಕೆಗೆ ಪತ್ರ ಬರೆದರು. ಅಷ್ಟು ಹೊತ್ತಿಗೆ ಮಾತು ಊರೆಲ್ಲ ಸುತ್ತಿಯಾಗಿತ್ತು.

ಅದೇ ವರದಿಯಲ್ಲಿ ಫೋಕ್‌ಮನ್ ಅವರ ಮಾತೂ ಇತ್ತು. ನಿಮಗೆ ಕ್ಯಾನ್ಸರ್ ಬಂದಿದ್ದು ನೀವು ಇಲಿಯಾಗಿದ್ದರೆ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳಬಲ್ಲೆವು, ನನಗೆ ಗೊತ್ತಿರುವುದು ಇಷ್ಟೇ ಎಂದಿದ್ದರು ಅವರು. ಈ ಎಚ್ಚರಿಕೆಯ ಮಾತು ಯಾರ ಕಿವಿಗೂ ಬೀಳಲಿಲ್ಲ. ಔಷಧಿ ತಯಾರಿಸುವ ಹಕ್ಕು ಪಡೆದಿದ್ದ ಎಂಟ್ರಿಮೆಡ್ ಎಂಬ ಸಣ್ಣ ಕಂಪನಿಯ ಶೇರು ಶುಕ್ರವಾರ ಸುಮಾರು 12 ಡಾಲರ್ ಇದ್ದದ್ದು ಸೋಮವಾರ ಒಂದು ಹಂತದಲ್ಲಿ 85ಕ್ಕೆ ಏರಿ, ಸಂಜೆ 52ರ ಆಸುಪಾಸಿನಲ್ಲಿ ನಿಂತಿತು. ಆಸ್ಪತ್ರೆಗಳ ಫೋನು ಬಿಡುವಿಲ್ಲದೆ ಬಡಿದುಕೊಂಡವು. ಎಲ್ಲರದೂ ಒಂದೇ ಪ್ರಶ್ನೆ: ನಮ್ಮವರಿಗೆ ಆ ಮದ್ದು ಯಾವಾಗ ಕೊಡುತ್ತೀರಿ?

ವಿಚಿತ್ರವೆಂದರೆ ಆ ವಾರ ಪ್ರಯೋಗಾಲಯದಲ್ಲಿ ಹೊಸದೇನೂ ನಡೆದಿರಲಿಲ್ಲ. ಇಲಿಗಳ ಫಲಿತಾಂಶ ಐದಾರು ತಿಂಗಳು ಮೊದಲೇ, 1997ರ ನವೆಂಬರ್‌ನಲ್ಲಿ, 'ನೇಚರ್' ಪತ್ರಿಕೆಯಲ್ಲಿ ಅಚ್ಚಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದು ಪತ್ರಿಕೆಯ ಮುಖಪುಟ.

ಈ ಹಳೆಯ ಪ್ರಕರಣವನ್ನು ಈಗ ಕೆದಕುವುದಕ್ಕೆ ಕಾರಣವಿದೆ. ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಎರಡು ಮೂರು ತಿಂಗಳಿಗೊಮ್ಮೆ ಒಂದು ಸುದ್ದಿ ಬರುತ್ತದೆ: ಕ್ಯಾನ್ಸರ್‌ಗೆ ಕೊನೆಗೂ ಔಷಧಿ ಸಿಕ್ಕಿತು. ಓದುತ್ತಾ ಹೋದರೆ ನಾಲ್ಕನೇ ಸಾಲಿನಲ್ಲಿ ಇಲಿ ಇರುತ್ತದೆ. ಕರುಳಿನ ಕ್ಯಾನ್ಸರ್‌ಗೆ ಕಿಮೋ ತೆಗೆದುಕೊಳ್ಳುತ್ತಿದ್ದ ನಮ್ಮ ಚಿಕ್ಕಮ್ಮ ಒಮ್ಮೆ ಅಂಥದ್ದೊಂದನ್ನು ನನಗೆ ಕಳಿಸಿ, ಕೆಳಗೆ ಬರೆದಿದ್ದರು: "ಇದು ನಮ್ಮ ಕಡೆ ಯಾವಾಗ ಬರತ್ತೆ ಮಗಾ, ಸ್ವಲ್ಪ ವಿಚಾರಿಸು." ಅವರಿಗೆ ಉತ್ತರ ಕೊಡಲು ನಾನು ಓದತೊಡಗಿದಾಗ ಎದುರಾದದ್ದು ಫೋಕ್‌ಮನ್ ಕಥೆ. ಓದಿ ಮುಗಿಸಿದ ಮೇಲೆ ನನಗೆ ಅನಿಸಿದ್ದಿಷ್ಟು: ಇಲಿ ಸುಳ್ಳು ಹೇಳಿರಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಕೇಳದೇ ಬಿಟ್ಟ ಪ್ರಶ್ನೆಗಳಿಗೂ ಅದೇ ಉತ್ತರ ಎಂದುಕೊಂಡವರು ನಾವು.

ಸಾಸಿವೆ ಕಾಳಿನಷ್ಟಕ್ಕೇ ನಿಂತ ಗೆಡ್ಡೆ

ಕಥೆ ಶುರುವಾಗುವುದು 1960ರ ದಶಕದ ಆರಂಭದಲ್ಲಿ, ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ. ತಿಂಗಳುಗಟ್ಟಲೆ ಸಮುದ್ರದಲ್ಲಿರುವ ಹಡಗುಗಳಿಗೆ ರಕ್ತದ ಬದಲು ಬಳಸಬಹುದಾದ ದ್ರವವೊಂದು ಬೇಕಿತ್ತು. ಅಲ್ಲಿ ಸೇವೆಗೆ ಸೇರಿದ್ದ ಯುವ ವೈದ್ಯ ಫೋಕ್‌ಮನ್, ಫ್ರೆಡರಿಕ್ ಬೆಕರ್ ಎಂಬ ಸಹೋದ್ಯೋಗಿಯ ಜೊತೆ, ಮೊಲದ ಥೈರಾಯ್ಡ್ ಗ್ರಂಥಿಯನ್ನು ಹೊರತೆಗೆದು ಗಾಜಿನ ಪಾತ್ರೆಯಲ್ಲಿಟ್ಟು, ಹಿಮೋಗ್ಲೋಬಿನ್ ದ್ರಾವಣ ಹರಿಸಿ ಜೀವಂತ ಉಳಿಸಿಕೊಂಡಿದ್ದರು. ಗ್ರಂಥಿ ನಿಜಕ್ಕೂ ಬದುಕಿದೆಯೇ ಎಂದು ನೋಡಲು ಅದರೊಳಗೆ ಇಲಿಯ ಕ್ಯಾನ್ಸರ್ ಕೋಶಗಳನ್ನು ಬಿಟ್ಟರು. ಕೋಶಗಳು ಬೆಳೆದವು. ಆದರೆ ಒಂದೆರಡು ಮಿಲಿಮೀಟರ್, ಅಂದರೆ ಸಾಸಿವೆ ಕಾಳಿನಷ್ಟಾಗಿ ನಿಂತುಬಿಟ್ಟವು. ಸತ್ತಿರಲಿಲ್ಲ. ಅದೇ ಕಾಳನ್ನು ತೆಗೆದು ಇಲಿಗೆ ಕಸಿ ಮಾಡಿದರೆ ಬೆಳೆದು ಇಲಿಯನ್ನೇ ಕೊಂದವು.

ಎರಡಕ್ಕೂ ಇದ್ದ ವ್ಯತ್ಯಾಸ ಒಂದೇ. ಇಲಿಯ ಮೈಯಲ್ಲಿ ಗೆಡ್ಡೆಯ ಸುತ್ತ ಹೊಸ ರಕ್ತನಾಳಗಳು ಬೆಳೆದಿದ್ದವು, ಗಾಜಿನ ಪಾತ್ರೆಯಲ್ಲಿ ಬೆಳೆದಿರಲಿಲ್ಲ.

ನಾಲೆ ಬಯಲಿನಲ್ಲಿ ಬೇಸಾಯ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರೋರಾತ್ರಿ ನಾಲೆಯ ಏರಿ ಕಡಿದು ತನ್ನ ಗದ್ದೆಗೆ ನೀರು ತಿರುಗಿಸಿಕೊಳ್ಳುವವನ ಹಾಗೆ, ಗೆಡ್ಡೆಯೂ ಪಕ್ಕದ ರಕ್ತನಾಳಕ್ಕೆ ರಾಸಾಯನಿಕ ಸಂದೇಶ ಕಳಿಸಿ ತನ್ನ ಕಡೆಗೆ ಹೊಸ ಕವಲು ಹೊರಡಿಸಿಕೊಳ್ಳುತ್ತದೆ. ಆ ಕವಲನ್ನು ಮುಚ್ಚಿದರೆ ಪೈರು ಒಣಗಬೇಕು. 1971ರಲ್ಲಿ ಫೋಕ್‌ಮನ್ ಇದನ್ನು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬರೆದರು. ಶಸ್ತ್ರವೈದ್ಯನಿಗೆ ಜೀವಶಾಸ್ತ್ರ ಏಕೆ ಎಂದು ನಕ್ಕವರೇ ಹೆಚ್ಚು. ಗೆಡ್ಡೆಯ ಸುತ್ತಲಿನ ರಕ್ತನಾಳಗಳು ಬರೀ ಉರಿಯೂತದ ಗುರುತು ಎಂಬುದು ಆಗಿನ ನಂಬಿಕೆ.

ನಂಬಿಸಲು ಅವರಿಗೆ ಕಣ್ಣಾರೆ ಕಾಣುವ ಸಾಕ್ಷಿ ಬೇಕಿತ್ತು. ಅದು ಸಿಕ್ಕಿದ್ದು ಮೊಲದ ಕಣ್ಣಿನಲ್ಲಿ. ಕರಿಗುಡ್ಡೆಯ ಮುಂದಿರುವ ಕಾರ್ನಿಯಾ ಗಾಜಿನಂತೆ ತಿಳಿ, ಅಲ್ಲಿ ರಕ್ತನಾಳವೇ ಇಲ್ಲ. ಅದರಲ್ಲಿ ಸಣ್ಣದೊಂದು ಜೇಬು ಕೊರೆದು ಗೆಡ್ಡೆಯ ಚೂರು ಇಟ್ಟರು. ಕೆಲವೇ ದಿನಗಳಲ್ಲಿ ಬಿಳಿಗುಡ್ಡೆಯ ಅಂಚಿನಿಂದ ಕೆಂಪು ಎಳೆಗಳು ಹೊರಟು, ಬೇರು ನೀರಿನ ಕಡೆ ಸಾಗುವ ಹಾಗೆ, ನೇರ ಆ ಚೂರಿನ ಕಡೆಗೆ ಹರಿದು ಬಂದವು. ದಿನಾ ಬೆಳಿಗ್ಗೆ ನೋಡಿದರೆ ನಿನ್ನೆಗಿಂತ ಇಂದು ಒಂದಿಷ್ಟು ಹತ್ತಿರ.

ಇಲಿಯ ಬೆನ್ನು

ಇನ್ನು ಪ್ರಕರಣದ ತಿರುಳು. 1990ರ ದಶಕದ ಆರಂಭದಲ್ಲಿ ಮೈಕೆಲ್ ಒ'ರೈಲಿ ಎಂಬ ಯುವ ವೈದ್ಯ ಫೋಕ್‌ಮನ್ ಪ್ರಯೋಗಾಲಯಕ್ಕೆ ಸೇರಿದರು. ಶಸ್ತ್ರವೈದ್ಯರನ್ನು ಬಹುಕಾಲದಿಂದ ಕಾಡಿದ್ದ ಒಂದು ಸಂಗತಿಯ ಬೆನ್ನು ಹತ್ತುವುದು ಅವರ ಕೆಲಸ: ಕೆಲವು ರೋಗಿಗಳಲ್ಲಿ ಮುಖ್ಯ ಗೆಡ್ಡೆಯನ್ನು ಚೊಕ್ಕವಾಗಿ ತೆಗೆದ ಮೇಲೆ, ಬೇರೆ ಕಡೆ ಅಡಗಿದ್ದ ಸಣ್ಣ ಗೆಡ್ಡೆಗಳು ದಿಢೀರನೆ ಬೆಳೆಯುತ್ತವೆ. ಏಕೆ?

ಲೂಯಿಸ್ ಶ್ವಾಸಕೋಶ ಕ್ಯಾನ್ಸರ್ ಎಂಬ ಬಗೆಯ ಗೆಡ್ಡೆಯನ್ನು ಇಲಿಗಳ ಬೆನ್ನಿನ ಚರ್ಮದಡಿ ಬೆಳೆಸಿದರು. ಕೆಲವು ಇಲಿಗಳಿಂದ ಅದನ್ನು ಕತ್ತರಿಸಿ ತೆಗೆದರು, ಕೆಲವಕ್ಕೆ ಹಾಗೇ ಬಿಟ್ಟರು. ಸುಮಾರು ಎರಡು ವಾರದ ನಂತರ ಎದೆ ತೆರೆದು ನೋಡಿದರೆ, ಗೆಡ್ಡೆ ತೆಗೆಸಿಕೊಂಡ ಇಲಿಗಳ ಶ್ವಾಸಕೋಶದ ತುಂಬ ಹೊಸ ಗಂಟುಗಳು. ಬೆನ್ನ ಮೇಲೆ ಗೆಡ್ಡೆ ಹೊತ್ತಿದ್ದ ಇಲಿಗಳ ಶ್ವಾಸಕೋಶ ಮಾತ್ರ ಹೆಚ್ಚುಕಡಿಮೆ ಗುಲಾಬಿ ಬಣ್ಣದ್ದೇ. ಅಂದರೆ ದೊಡ್ಡ ಗೆಡ್ಡೆಯೇ ರಕ್ತಕ್ಕೆ ಏನೋ ಬಿಡುತ್ತಿದೆ, ಅದು ದೂರದ ಸಣ್ಣ ಗೆಡ್ಡೆಗಳಿಗೆ ರಕ್ತನಾಳ ಬೆಳೆಯದಂತೆ ತಡೆಯುತ್ತಿದೆ.

ಆ 'ಏನೋ' ಏನು? ಒ'ರೈಲಿ ಗೆಡ್ಡೆಯುಳ್ಳ ಇಲಿಗಳ ಮೂತ್ರ ಸಂಗ್ರಹಿಸಿದರು. ಒಂದು ಇಲಿ ದಿನಕ್ಕೆ ಕೊಡುವುದು ಚಮಚೆಯ ಒಂದು ಪಾಲೂ ಇಲ್ಲ. ತಿಂಗಳುಗಟ್ಟಲೆ ಸಂಗ್ರಹಿಸಿ, ಸೋಸಿ, ಬೇರ್ಪಡಿಸಿ, ಪ್ರತಿ ಪಾಲನ್ನೂ ಪರೀಕ್ಷಿಸಿ ಕೊನೆಗೆ ಒಂದು ಪ್ರೋಟೀನ್ ತುಣುಕು ಹಿಡಿದರು. 1994ರಲ್ಲಿ ಅದು ಆಂಜಿಯೋಸ್ಟಾಟಿನ್ ಎಂದು ಪ್ರಕಟವಾಯಿತು. 1997ರಲ್ಲಿ ಇನ್ನೊಂದು ಬಗೆಯ ಗೆಡ್ಡೆಯ ಕೋಶಗಳಿಂದ ಎಂಡೋಸ್ಟಾಟಿನ್ ಬಂತು. ಇದು ನಮ್ಮೆಲ್ಲರ ಮೈಯಲ್ಲೇ ಇರುವ ಕೊಲಾಜೆನ್ 18 ಎಂಬ ಪ್ರೋಟೀನಿನ ಬಾಲದ ತುಂಡು.

ನವೆಂಬರ್ 1997ರ ಪ್ರಯೋಗ ಹೀಗಿತ್ತು. ಇಲಿಗೆ ಗೆಡ್ಡೆ ಬೆಳೆಯಲು ಬಿಡುವುದು, ಎಂಡೋಸ್ಟಾಟಿನ್ ಚುಚ್ಚುವುದು, ಗೆಡ್ಡೆ ಕರಗಿದ ಮೇಲೆ ನಿಲ್ಲಿಸುವುದು, ಮತ್ತೆ ಬೆಳೆದರೆ ಮತ್ತೆ ಚುಚ್ಚುವುದು. ಸಾಮಾನ್ಯ ಕಿಮೋ ಆದರೆ ಎರಡು ಮೂರು ಸುತ್ತಿಗೆ ಗೆಡ್ಡೆ ಪಳಗಿಬಿಡುತ್ತದೆ, ಮದ್ದು ನಾಟುವುದಿಲ್ಲ. ಇಲ್ಲಿ ಪ್ರತಿ ಸುತ್ತಿಗೂ ಮೊದಲ ಸಲದ ಹಾಗೇ ಕರಗಿತು. ಶ್ವಾಸಕೋಶದ ಬಗೆ ಆರು ಸುತ್ತಿಗೆ, ಫೈಬ್ರೋಸಾರ್ಕೋಮಾ ಎಂಬ ನಾರು ಅಂಗಾಂಶದ ಗೆಡ್ಡೆ ನಾಲ್ಕು ಸುತ್ತಿಗೆ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಎರಡೇ ಸುತ್ತಿಗೆ ಸುಮ್ಮನಾದವು. ಆಮೇಲೆ ಮದ್ದು ನಿಲ್ಲಿಸಿದರೂ ಬೆಳೆಯಲಿಲ್ಲ. ಕ್ಯಾನ್ಸರ್ ಕೋಶ ಗಳಿಗೆಗೊಂದು ವೇಷ ಹಾಕುತ್ತದೆ, ರಕ್ತನಾಳದ ಕೋಶ ಹಾಗಲ್ಲ, ಅದು ಆರೋಗ್ಯವಂತ ಮೈಯದು. ಆದ್ದರಿಂದ ಅದು ಮದ್ದಿಗೆ ಪಳಗುವುದಿಲ್ಲ ಎಂಬುದು ಅವರ ವಿವರಣೆ.

ಇದನ್ನು ಓದಿದ ಯಾರಿಗೂ ಮೈ ಜುಮ್ಮೆನ್ನಬೇಕು. ನನಗೂ ಎಂದಿತು, ಮುಂದಿನ ಕಥೆ ಗೊತ್ತಿದ್ದರೂ.

ಮನುಷ್ಯರ ಸರದಿ

1998ರ ಕೊನೆಗೆ ಮೊದಲ ಪೆಟ್ಟು ಬಿತ್ತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಿಜ್ಞಾನಿಗಳಿಗೆ ತಮ್ಮ ಪ್ರಯೋಗಾಲಯದಲ್ಲಿ ಅದೇ ಫಲಿತಾಂಶ ಬರಲಿಲ್ಲ. ಆ ಸುದ್ದಿ ಹೊರಬಿದ್ದಾಗ ಶೇರು ಕುಸಿಯಿತು. ಅವರೇ ಬಾಸ್ಟನ್ನಿಗೆ ಹೋಗಿ ಫೋಕ್‌ಮನ್ ತಂಡದ ಜೊತೆ ನಿಂತು ಮಾಡಿದಾಗ ಪರಿಣಾಮ ಕಂಡಿತು. 1999ರ ಆರಂಭದಲ್ಲಿ ಹಾಗೆಂದು ಹೇಳಿದರು. ಪ್ರೋಟೀನ್ ಬಹಳ ಸೂಕ್ಷ್ಮ, ಕಳಿಸುವ, ಇಡುವ ರೀತಿಯಲ್ಲೇ ಕೆಡುತ್ತಿತ್ತು.

1999ರ ಕೊನೆಯ ತಿಂಗಳುಗಳಿಂದ ಬಾಸ್ಟನ್, ಹ್ಯೂಸ್ಟನ್, ಮ್ಯಾಡಿಸನ್ ಈ ಮೂರು ಕಡೆ ಮನುಷ್ಯರ ಮೇಲೆ ಪ್ರಯೋಗ ಆರಂಭವಾಯಿತು. ಬಂದವರು ಬೇರೆಲ್ಲ ಚಿಕಿತ್ಸೆ ಮುಗಿದವರು. ಮೊದಲ ಹಂತದ ಉದ್ದೇಶವೇ ಮದ್ದು ತಡೆಯುತ್ತದೆಯೇ, ಎಷ್ಟು ಕೊಡಬಹುದು ಎಂದು ನೋಡುವುದು. ಆ ಪರೀಕ್ಷೆಯಲ್ಲಿ ಎಂಡೋಸ್ಟಾಟಿನ್ ಗೆದ್ದಿತು: ಕೂದಲು ಉದುರಲಿಲ್ಲ, ವಾಂತಿ ಇಲ್ಲ. ಆದರೆ ಗೆಡ್ಡೆಗಳು ಕರಗಲಿಲ್ಲ. ಆಮೇಲಿನ ಹಂತದಲ್ಲಿ ನ್ಯೂರೋಎಂಡೋಕ್ರೈನ್ ಗೆಡ್ಡೆಯ (ಹಾರ್ಮೋನ್ ಸ್ರವಿಸುವ ಕೋಶಗಳಲ್ಲಿ ಹುಟ್ಟುವ ಬಗೆ) 42 ಮಂದಿಗೆ ಕೊಟ್ಟ ಪ್ರಯೋಗದ ಫಲಿತಾಂಶ 2006ರಲ್ಲಿ ಬಂತು. ಲೆಕ್ಕಕ್ಕೆ ಸಿಗುವಷ್ಟು ಗೆಡ್ಡೆ ಕುಗ್ಗಿದವರು ಒಬ್ಬರೂ ಇರಲಿಲ್ಲ. ಅದಕ್ಕೂ ಮೊದಲೇ ಎಂಟ್ರಿಮೆಡ್ ಕಂಪನಿ ಎಂಡೋಸ್ಟಾಟಿನ್‌ನಿಂದ ಕೈತೊಳೆದುಕೊಂಡಿತ್ತು. ಚೀನಾದಲ್ಲಿ ಮಾತ್ರ, ಪ್ರೋಟೀನಿಗೆ ಒಂದು ಸಣ್ಣ ಬಾಲ ಸೇರಿಸಿ ಹೆಚ್ಚು ಗಟ್ಟಿ ಮಾಡಿದ ಎಂಡೋಸ್ಟಾರ್ ಎಂಬ ರೂಪಕ್ಕೆ, ಕಿಮೋ ಜೊತೆ ಶ್ವಾಸಕೋಶದ ಕ್ಯಾನ್ಸರ್‌ಗೆ ಬಳಸಲು, 2005ರಲ್ಲಿ ಅನುಮತಿ ಸಿಕ್ಕಿತು.

ಕೇಳದೇ ಬಿಟ್ಟ ಪ್ರಶ್ನೆಗಳು

ಹಾಗಾದರೆ ಇಲಿಗೂ ಮನುಷ್ಯನಿಗೂ ನಡುವೆ ಜಾರಿದ್ದು ಎಲ್ಲಿ?

ಮೊದಲನೆಯದು ಕಾಲ. ಇಲಿಯ ಬೆನ್ನ ಮೇಲಿನ ಗೆಡ್ಡೆ ಎರಡು ಮೂರು ವಾರದ ಕೂಸು. ಅದರ ರಕ್ತನಾಳಗಳೆಲ್ಲ ಹೊಚ್ಚ ಹೊಸವು, ಇನ್ನೂ ಗೋಡೆ ಗಟ್ಟಿಯಾಗದವು, ಬೆಳೆಯುವ ಆತುರದಲ್ಲಿರುವವು. ಬೆಳವಣಿಗೆ ತಡೆಯುವ ಮದ್ದಿಗೆ ಅವು ಸುಲಭದ ತುತ್ತು. ಮನುಷ್ಯನ ಗೆಡ್ಡೆ ಗೊತ್ತಾಗುವ ಹೊತ್ತಿಗೆ ಎಷ್ಟೋ ವರ್ಷ ಬೆಳೆದಿರುತ್ತದೆ. ಅದರ ಎಷ್ಟೋ ನಾಳಗಳು ಬಲಿತಿರುತ್ತವೆ, ಸುತ್ತ ಆಧಾರಕೋಶಗಳ ಕವಚ ಹೊದ್ದಿರುತ್ತವೆ. ನಿನ್ನೆ ಕಡಿದ ಕವಲನ್ನು ಒಂದು ಬುಟ್ಟಿ ಮಣ್ಣಿನಲ್ಲಿ ಮುಚ್ಚಬಹುದು, ಹತ್ತು ವರ್ಷದಿಂದ ಕಲ್ಲು ಕಟ್ಟಿದ ಕಾಲುವೆಯನ್ನು ಹಾಗೆ ಮುಚ್ಚಲಾಗದು.

ಎರಡನೆಯದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು, ಏಕೆಂದರೆ ಇದು ಪತ್ರಿಕೆಯ ಯಾವ ಸಾಲಿನಲ್ಲೂ ಬರದ ಸಣ್ಣ ವಿಷಯ. ಇಲಿಗೆ ಕೊಟ್ಟದ್ದು ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಎಂಡೋಸ್ಟಾಟಿನ್. ಅದು ನೀರಿನಲ್ಲಿ ಕರಗುತ್ತಿರಲಿಲ್ಲ, ಹಿಟ್ಟಿನ ಹಾಗೆ ತಳಕ್ಕೆ ಕೂರುತ್ತಿತ್ತು. ಅದನ್ನೇ ಕಲಕಿ ಚರ್ಮದಡಿ ಚುಚ್ಚುತ್ತಿದ್ದರು. ಅಲ್ಲಿ ಅದು ಗಂಟಾಗಿ ಕೂತು ಹಗಲೂ ರಾತ್ರಿ ನಿಧಾನ ಕರಗುತ್ತಿತ್ತು. ಮನುಷ್ಯರಿಗೆ ಅಂಥ ಗಸಿ ಚುಚ್ಚಲಾಗದು. ಯೀಸ್ಟ್‌ನಲ್ಲಿ ತಯಾರಿಸಿದ, ತಿಳಿಯಾಗಿ ಕರಗುವ ಎಂಡೋಸ್ಟಾಟಿನ್ ಮಾಡಿ ಮೊದಮೊದಲು ರಕ್ತನಾಳಕ್ಕೆ ದಿನಕ್ಕೊಮ್ಮೆ ಕೊಟ್ಟರು. ಅದು ಕೆಲವು ಗಂಟೆಗಳಲ್ಲಿ ಮೈಬಿಟ್ಟು ಹೋಗುತ್ತಿತ್ತು. ಹೆಸರು ಒಂದೇ, ಮೈಯೊಳಗಿನ ನಡತೆ ಬೇರೆ. ಪ್ರಮಾಣವೂ ಹಾಗೆಯೇ: ಇಲಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 20 ಮಿಲಿಗ್ರಾಂ. ಇಪ್ಪತ್ತು ಗ್ರಾಂ ತೂಗುವ ಇಲಿಗೆ ಅದು ಚಿಟಿಕೆಯೂ ಅಲ್ಲ. ಅರವತ್ತು ಕಿಲೋ ಮನುಷ್ಯನಿಗೆ ಅದೇ ಲೆಕ್ಕ ಹಾಕಿದರೆ ದಿನಕ್ಕೆ 1,200 ಮಿಲಿಗ್ರಾಂ ಶುದ್ಧ ಪ್ರೋಟೀನ್, ದಿನವೂ, ತಿಂಗಳುಗಟ್ಟಲೆ.

ಮೂರನೆಯದು ಇಲಿಗಳೇ. ಒಂದೇ ವಂಶದ ಒಡಹುಟ್ಟಿದವುಗಳಂತೆ ಸಾಕಿದವು, ಎಳೆಯವು, ಒಂದೇ ಆಹಾರ ತಿಂದವು, ಬೇರೆ ಕಾಯಿಲೆ ಇಲ್ಲದವು. ಪ್ರಯೋಗಕ್ಕೆ ಬಂದ ಮನುಷ್ಯರು ಕಿಮೋ, ರೇಡಿಯೇಷನ್ ಎಲ್ಲ ಕಂಡು ಸೊರಗಿದವರು. ಅವರ ಗೆಡ್ಡೆ ಒಂದು ಸಂದೇಶ ತಡೆದರೆ ಇನ್ನೊಂದು ಸಂದೇಶ ಕಳಿಸುವಷ್ಟು ಪಳಗಿದ್ದು.

ಪ್ರಾಣಿಗಳಲ್ಲಿ ಕ್ಯಾನ್ಸರ್ ವಿರುದ್ಧ ಕೆಲಸ ಮಾಡಿದ ಮದ್ದುಗಳಲ್ಲಿ ಕೊನೆಗೆ ಪರವಾನಗಿ ಪಡೆದು ರೋಗಿಗೆ ತಲುಪುವುದು ನೂರಕ್ಕೆ ಐದರಷ್ಟು ಎಂಬ ಅಂದಾಜು 2011ರಲ್ಲಿ ಪ್ರಕಟವಾಗಿತ್ತು. ಇದನ್ನು ಹಿಡಿದು ಪ್ರಾಣಿ ಪ್ರಯೋಗವೇ ದಂಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೆಡ್ಡೆ ರಕ್ತನಾಳ ಕರೆಸಿಕೊಳ್ಳುತ್ತದೆ ಎಂಬುದನ್ನು ಬರೀ ಗಾಜಿನ ತಟ್ಟೆಯಲ್ಲಿ ಯಾರೂ ಕಂಡುಕೊಳ್ಳಲು ಆಗುತ್ತಿರಲಿಲ್ಲ. ಆದರೆ ಆ ಮೊಲಗಳೂ ಇಲಿಗಳೂ ಕೊಟ್ಟದ್ದು ತಮ್ಮ ಜೀವವನ್ನು. ಅಷ್ಟು ಬೆಲೆ ತೆತ್ತು ಪಡೆದ ಉತ್ತರವನ್ನು ಅದರ ಅಳತೆಗಿಂತ ದೊಡ್ಡದು ಮಾಡಿ ರೋಗಿಗಳ ಮನೆಗೆ ಹಂಚುವುದು ಪ್ರಾಣಿಗಳಿಗೂ ಮಾಡುವ ಅನ್ಯಾಯ, ಮನುಷ್ಯರಿಗೂ ಮಾಡುವ ಅನ್ಯಾಯ. 'ಎರಡು ವರ್ಷ' ಎಂಬ ಆ ಎರಡು ಪದಗಳನ್ನು ನಂಬಿ ದಿನ ಎಣಿಸಿದವರು ಎಷ್ಟು ಜನವೋ.

ಬೇರೆ ಬಾಗಿಲಿನಿಂದ ಬಂದದ್ದು

ಫೋಕ್‌ಮನ್ ಅವರ ಮೂಲ ವಿಚಾರ ಮಾತ್ರ ಸೋಲಲಿಲ್ಲ. ಗೆಡ್ಡೆ ರಕ್ತನಾಳವನ್ನು ಕರೆಯುವ ಸಂದೇಶಗಳಲ್ಲಿ ಮುಖ್ಯವಾದದ್ದು ವಿಇಜಿಎಫ್ ಎಂಬ ಪ್ರೋಟೀನ್. ಅದನ್ನು 1989ರಲ್ಲಿ ಗುರುತಿಸಿದವರಲ್ಲಿ ಒಬ್ಬರು ಜೆನೆನ್‌ಟೆಕ್ ಕಂಪನಿಯ ನೆಪೋಲಿಯೋನ್ ಫೆರಾರಾ. ಅದಕ್ಕೆ ಅಂಟಿಕೊಂಡು ಬಾಯಿ ಮುಚ್ಚಿಸುವ ಪ್ರತಿಕಾಯವನ್ನು ಮನುಷ್ಯನ ಗೆಡ್ಡೆ ಹೊತ್ತ ಇಲಿಗಳಿಗೆ ಕೊಟ್ಟು 1993ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲೂ ಇಲಿಯೇ. ಆದರೆ ಅದು ಯಾವ ಮುಖಪುಟವನ್ನೂ ನಡುಗಿಸಲಿಲ್ಲ. ಹನ್ನೊಂದು ವರ್ಷದ ಮೇಲೆ, 2004ರ ಫೆಬ್ರವರಿಯಲ್ಲಿ, ಹರಡಿದ ಕರುಳಿನ ಕ್ಯಾನ್ಸರ್‌ಗೆ ಬೆವಾಸಿಜುಮ್ಯಾಬ್ ಎಂಬ ಹೆಸರಿನಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅವಾಸ್ಟಿನ್ ಅಂದರೆ ಅದೇ. 813 ರೋಗಿಗಳ ಪ್ರಯೋಗದಲ್ಲಿ ಬರೀ ಕಿಮೋ ಪಡೆದವರ ಮಧ್ಯಮ ಆಯಸ್ಸು 15.6 ತಿಂಗಳು, ಇದನ್ನೂ ಪಡೆದವರದು 20.3 ತಿಂಗಳು.

ನಾಲ್ಕು ಮುಕ್ಕಾಲು ತಿಂಗಳಿಗೆ ಹತ್ತಿರ. 1998ರ ಮುಖಪುಟದ ಮುಂದೆ ಇದು ಸಣ್ಣದಾಗಿ ಕಾಣಬಹುದು. ಚಿಕ್ಕಮ್ಮನ ಪಕ್ಕ ಕೂತು ನೋಡಿದ ನನಗೆ ಹಾಗೆ ಕಾಣುವುದಿಲ್ಲ. ಅವರ ಕಿಮೋ ಜೊತೆಗೂ ಈ ಮದ್ದು ಸೇರಿತ್ತು. ಅವರು ಆ ವರ್ಷದ ದೀಪಾವಳಿಗೆ ಎಣ್ಣೆಸ್ನಾನ ಮಾಡಿ, ಮೊಮ್ಮಗಳಿಗೆ ತಲೆ ಬಾಚಿ, ಒಬ್ಬಟ್ಟಿನ ಹೂರಣ ಸರಿಯಾಗಿ ರುಬ್ಬಿಲ್ಲವೆಂದು ಸೊಸೆಯನ್ನು ಗದರಿದರು. ಇನ್ನೊಂದು ದೀಪಾವಳಿ ಅವರಿಗೆ ಬರಲಿಲ್ಲ.

ಎಲ್ಲ ಕ್ಯಾನ್ಸರ್‌ಗೂ ಇದು ಹಾಗೆ ಒದಗಲಿಲ್ಲ. ಸ್ತನ ಕ್ಯಾನ್ಸರ್‌ಗೆ 2008ರಲ್ಲಿ ಅಮೆರಿಕ ಅವಸರದಲ್ಲಿ ಕೊಟ್ಟ ಅನುಮತಿಯನ್ನು, ಆಯಸ್ಸು ಹೆಚ್ಚುವುದು ಕಾಣಲಿಲ್ಲವೆಂದು, 2011ರಲ್ಲಿ ಹಿಂದಕ್ಕೆ ಪಡೆಯಿತು. ನಮ್ಮಲ್ಲಿ ಬೆಲೆಯೇ ದೊಡ್ಡ ಗೋಡೆಯಾಗಿತ್ತು. 2017ರ ನವೆಂಬರ್‌ನಲ್ಲಿ ಬೆಂಗಳೂರಿನ ಬಯೋಕಾನ್ ಕ್ರಾಬೆವಾ ಎಂಬ ಹೆಸರಿನಲ್ಲಿ ಇದರ ಬಯೋಸಿಮಿಲರ್, ಅಂದರೆ ಮೂಲ ಮದ್ದನ್ನು ಬಹುಪಾಲು ಹೋಲುವ ರೂಪ, ತಂದಿತು.

ಅದೇ ಬಾಸ್ಟನ್ ಪ್ರಯೋಗಾಲಯದಿಂದ ಇನ್ನೊಂದು ದಾರಿಯೂ ಹೊರಟಿತು. 1994ರಲ್ಲಿ ರಾಬರ್ಟ್ ಡಿ'ಅಮಾಟೊ ಮೊಲದ ಕಣ್ಣಿನಲ್ಲಿ ಪರೀಕ್ಷಿಸಿ, ಥಾಲಿಡೊಮೈಡ್ ರಕ್ತನಾಳದ ಬೆಳವಣಿಗೆ ತಡೆಯುತ್ತದೆ ಎಂದು ತೋರಿಸಿದರು. 1950ರ ದಶಕದ ಕೊನೆಯಿಂದ ಸಾವಿರಾರು ಕೂಸುಗಳು ಕೈಕಾಲು ಊನವಾಗಿ ಹುಟ್ಟಲು ಕಾರಣವಾದ ಅದೇ ಮಾತ್ರೆ. ಇಲಿಗಳಲ್ಲಿ ಆ ಊನ ಕಾಣುವುದು ಅಪರೂಪ, ಮೊಲದಲ್ಲಿ ಕಾಣುತ್ತದೆ. ಯಾವ ಪ್ರಾಣಿಯನ್ನು ಕೇಳುತ್ತೇವೆ ಎಂಬುದರ ಮೇಲೆ ಉತ್ತರವೇ ಬದಲಾಗುವುದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ನನಗೆ ಗೊತ್ತಿಲ್ಲ. ಅದರ ಜಾಡು ಹಿಡಿದು ಮೈಲೋಮಾ ಎಂಬ ಮೂಳೆಮಜ್ಜೆಯ ಕ್ಯಾನ್ಸರ್‌ನ 84 ರೋಗಿಗಳಿಗೆ ಕೊಟ್ಟಾಗ ಮೂರರಲ್ಲಿ ಒಂದು ಪಾಲಿನಷ್ಟು ಮಂದಿಗೆ ಗುಣ ಕಂಡಿತು. 1999ರಲ್ಲಿ ಅದು ಪ್ರಕಟವಾಯಿತು. ಇಂದು ನಮ್ಮ ಆಸ್ಪತ್ರೆಗಳಲ್ಲೂ ಆ ರೋಗಕ್ಕೆ ಈ ಮಾತ್ರೆ ಕೊಡುತ್ತಾರೆ. ಅದು ಅಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಸೆರೆಬ್ಲಾನ್ ಎಂಬ ಪ್ರೋಟೀನಿನ ಮೂಲಕ, ರಕ್ತನಾಳಕ್ಕಿಂತ ಬೇರೆ ದಾರಿಯಲ್ಲಿ, ಎಂದು ತಿಳಿದದ್ದು 2010ರ ನಂತರ. ದಾರಿ ಕೇಳಿದ್ದು ಒಂದು ಊರಿಗೆ, ತಲುಪಿದ್ದು ಇನ್ನೊಂದಕ್ಕೆ, ಆದರೂ ಅಲ್ಲಿ ಅನ್ನ ಸಿಕ್ಕಿತು.

2008ರ ಜನವರಿ 14ರಂದು, ಸಮ್ಮೇಳನವೊಂದಕ್ಕೆ ಹೊರಟಿದ್ದ ಫೋಕ್‌ಮನ್ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರಿಗೆ 74 ವರ್ಷ.

ಹೋದ ವರ್ಷ ನಮ್ಮ ತಂದೆಯವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಅಕ್ಷಿಪಟಲದಲ್ಲಿ ನೀರು ಸೋರಿ ಎಡಗಣ್ಣು ಮಂಜಾಗಿತ್ತು. ಕಣ್ಣಿನೊಳಗೆ ಇಂಜೆಕ್ಷನ್ ಎಂದಾಗಲೇ ಗಾಬರಿಯಾಗಿದ್ದ ಅವರು, ಸಹಿ ಮಾಡುವ ಕಾಗದದಲ್ಲಿ ಮದ್ದಿನ ಹೆಸರು ಓದಿ, ಫೋನಿನಲ್ಲಿ ಹುಡುಕಿ, ಇನ್ನಷ್ಟು ಬಿಳಿಚಿಕೊಂಡರು. ಬೆವಾಸಿಜುಮ್ಯಾಬ್.

"ಡಾಕ್ಟ್ರೇ, ಇದು ಕ್ಯಾನ್ಸರ್ ಔಷಧಿ ಅಂತ ಇದೆಯಲ್ಲ. ನಂಗೆ ಕ್ಯಾನ್ಸರಾ?"

"ಅಯ್ಯೋ ಇಲ್ಲ ಮೇಷ್ಟ್ರೇ," ಎಂದರು ಆ ಚಿಕ್ಕ ವಯಸ್ಸಿನ ಡಾಕ್ಟರು. "ಕಣ್ಣಲ್ಲಿ ಬೇಡದ ಕಡೆ ರಕ್ತನಾಳ ಬೆಳೀತಾ ಇದೆ, ಸೋರ್ತಾ ಇದೆ. ಅದನ್ನ ತಡೆಯೋಕೆ. ಒಂದೇ ಒಂದು ಹನಿ."

ಒಂದು ಹನಿ ಅಂದರೆ 0.05 ಮಿಲಿಲೀಟರ್, 1.25 ಮಿಲಿಗ್ರಾಂ. ಕರುಳಿನ ಕ್ಯಾನ್ಸರ್‌ಗೆ ಡ್ರಿಪ್‌ನಲ್ಲಿ ಹೋಗುವ ನೂರಾರು ಮಿಲಿಗ್ರಾಂ ಮುಂದೆ ಅದು ಲೆಕ್ಕಕ್ಕೇ ಇಲ್ಲ. ತಂದೆಯವರನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊರಗಿನ ಬೆಂಚಿನ ಮೇಲೆ ಕೂತು ಆ ಮೊಲಗಳ ಕಣ್ಣನ್ನೇ ನೆನೆಸಿಕೊಳ್ಳುತ್ತಿದ್ದೆ. ಹತ್ತು ನಿಮಿಷಕ್ಕೆ ಅವರು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದು, ನೋವೇನೂ ಆಗಲಿಲ್ಲ ಕಣೋ, ಸುಮ್ಮನೆ ಹೆದರಿಸಿದ್ದೆ ನಿನ್ನ ಎಂದರು.

ಮೂರು ಇಂಜೆಕ್ಷನ್ ಆದ ಮೇಲೆ ಒಂದು ಬೆಳಿಗ್ಗೆ ಬಲಗಣ್ಣು ಅಂಗೈಯಲ್ಲಿ ಮುಚ್ಚಿಕೊಂಡು, ಗೋಡೆಯ ಪಂಚಾಂಗದಲ್ಲಿ ಅಂದಿನ ತಿಥಿ, ನಕ್ಷತ್ರ, ರಾಹುಕಾಲ ಜೋರಾಗಿ ಓದಿ ಹೇಳಿದರು.